ಸೈಕಲ್ ಹ್ಯಾಂಡಲ್‌ಗೆ ಮೊಬೈಲ್ ಹೋಲ್ಡರ್: ಕೊಡಗಿನ ಮಳೆಗೂ ಇಳಿಜಾರಿಗೂ ತಾಳುವುದು ಯಾವುದು?

ಮಡಿಕೇರಿಯಿಂದ ಮೇಕೇರಿ ಕಡೆಗೆ ಇಳಿಯುತ್ತಿದ್ದೆ. ಒಂದು ಕೈ ಬ್ರೇಕಿನ ಮೇಲೆ, ಇನ್ನೊಂದು ಕೈ ಜಾರುತ್ತಿದ್ದ ಫೋನಿನ ಮೇಲೆ. ಹಾಗೇ ಒಂದು ತಿರುವು ದಾಟಿ, ಸೈಕಲ್ ನಿಲ್ಲಿಸಿ ನೋಡಿದರೆ ಹೋಲ್ಡರ್ ಫೋನನ್ನು ಬಿಟ್ಟಿರಲಿಲ್ಲ, ನಾಲ್ಕೂ ಮೂಲೆಯಲ್ಲಿ ಗಟ್ಟಿಯಾಗಿ ಹಿಡಿದೇ ಇತ್ತು. ಹೋಲ್ಡರೇ ಹ್ಯಾಂಡಲ್ ಮೇಲೆ ತಿರುಗಿ, ಫೋನಿನ ಸಮೇತ ಮುಂದಿನ ಚಕ್ರದ ಕಡೆಗೆ ಬಾಗಿಬಿಟ್ಟಿತ್ತು.

ಅಂದಿನಿಂದ ನಾನು ಹೋಲ್ಡರ್ ಆರಿಸುವ ಕ್ರಮವೇ ಬದಲಾಯಿತು. ಅಂಗಡಿಯಲ್ಲಿ ಎಲ್ಲರೂ ಮೊದಲು ಫೋನ್ ಸಿಕ್ಕಿಸಿ, ತಲೆಕೆಳಗು ಮಾಡಿ ಅಲುಗಿಸಿ ನೋಡುತ್ತಾರೆ. ಆ ಪರೀಕ್ಷೆಯಲ್ಲಿ 150 ರೂಪಾಯಿಯದೂ ಗೆಲ್ಲುತ್ತದೆ. ನಮ್ಮ ರಸ್ತೆಗಳಲ್ಲಿ ಸೋಲುವುದು ಫೋನ್ ಹಿಡಿಯುವ ಕಡೆಯಲ್ಲಲ್ಲ, ಹ್ಯಾಂಡಲ್ ಹಿಡಿಯುವ ಕಡೆಯಲ್ಲಿ ಮತ್ತು ಇವೆರಡರ ನಡುವಿನ ಗಂಟಿನಲ್ಲಿ. ಕೆಳಗೆ ಬರೆದಿರುವುದೆಲ್ಲ ಈ ಒಂದು ಅನುಭವದ ಸುತ್ತಲೇ ಇದೆ. ಸಾವಿರ ರೂಪಾಯಿಯೊಳಗೆ ಮುಗಿಸಬೇಕು, ಆದರೆ ಸಿಲಿಕೋನ್ ತೆಗೆದುಕೊಳ್ಳುವುದೋ, ಸ್ಕ್ರೂ ಇರುವುದೋ, ಬ್ಯಾಗೋ ಎಂದು ತೀರ್ಮಾನವಾಗದೆ ಕೇಳುವವರು ನನ್ನ ಸುತ್ತಲೇ ಬೇಕಾದಷ್ಟು ಮಂದಿ ಇದ್ದಾರೆ.

ಮೊದಲು ಒಂದು ದಾರ ತೆಗೆದುಕೊಳ್ಳಿ

ಹೋಲ್ಡರ್ ನೋಡುವ ಮೊದಲು ನಿಮ್ಮ ಹ್ಯಾಂಡಲ್ ನೋಡಿ. ಸೈಕಲ್ ಹ್ಯಾಂಡಲ್‌ಗಳ ದಪ್ಪ ಒಂದೇ ಅಲ್ಲ. ಸಾಮಾನ್ಯವಾಗಿ ಕಾಣಸಿಗುವ ಅಳತೆ ಮೂರು: 22.2 ಮಿ.ಮೀ., 25.4 ಮಿ.ಮೀ. ಮತ್ತು 31.8 ಮಿ.ಮೀ. ಈಗಿನ ಗೇರ್ ಸೈಕಲ್‌ಗಳಲ್ಲಿ ನಡುಭಾಗ ದಪ್ಪವಿದ್ದು ಹಿಡಿಯ ಕಡೆಗೆ ಹೋಗುತ್ತಾ ಸಣ್ಣದಾಗುತ್ತದೆ. ನಡುವೆ 31.8 ಇದ್ದದ್ದು ಹಿಡಿಯ ಬಳಿ 22.2ಕ್ಕೆ ಇಳಿದಿರುತ್ತದೆ. ಹೀಗೆ ಸಣ್ಣದಾಗುತ್ತಾ ಹೋಗುವ ಜಾಗದಲ್ಲಿ ಹೋಲ್ಡರ್ ಹಾಕಿದರೆ ಎಷ್ಟು ಬಿಗಿದರೂ ಒಂದು ಅಂಚು ಮಾತ್ರ ಕಚ್ಚುತ್ತದೆ, ಇನ್ನೊಂದು ಅಂಚು ಸಡಿಲವೇ.

ಅಳೆಯಲು ಯಾವ ಸಾಧನವೂ ಬೇಡ. ಹೋಲ್ಡರ್ ಕೂರಿಸಬೇಕಾದ ಜಾಗಕ್ಕೆ ದಾರ ಒಂದು ಸುತ್ತು ಸುತ್ತಿ, ಗುರುತು ಮಾಡಿ, ಸ್ಕೇಲಿನ ಮೇಲೆ ಇಡಿ. ಸುತ್ತಳತೆ 7 ಸೆಂ.ಮೀ. ಬಂದರೆ 22.2, 8 ಸೆಂ.ಮೀ. ಬಂದರೆ 25.4, 10 ಸೆಂ.ಮೀ. ಬಂದರೆ 31.8. ಹೋಲ್ಡರಿನ ಪೆಟ್ಟಿಗೆಯ ಮೇಲೆ ಬರೆದಿರುವ ಅಳತೆಯೊಳಗೆ ನಿಮ್ಮದು ಬರಬೇಕು. ಅಂಚಿನಲ್ಲಿ ಬಂದರೆ ಸಾಲದು, ನಡುವಲ್ಲಿ ಬಂದರೆ ಒಳ್ಳೆಯದು.

ರಾಡ್ ಬ್ರೇಕಿನ ಹಳೆಯ ಕಪ್ಪು ಸೈಕಲ್ ಇನ್ನೂ ಓಡಿಸುವವರಿಗೆ ಒಂದು ಮಾತು. ಅದರ ಹ್ಯಾಂಡಲ್ ಕೆಳಗೆ ಬ್ರೇಕಿನ ಕಂಬಿ ಹೋಗಿರುತ್ತದೆ. ಹೋಲ್ಡರನ್ನು ಹ್ಯಾಂಡಲಿಗೆ ಬಿಗಿಯುವ ಹಿಡಿಕೆ, ಅಂದರೆ ಕ್ಲಾಂಪ್, ಅಗಲವಾಗಿದ್ದರೆ ಅದು ಕಂಬಿಗೆ ತಾಗಿ ಬ್ರೇಕ್ ಪೂರ್ತಿ ಹಿಡಿಯದೆ ಹೋಗಬಹುದು. ಹಾಕಿದ ಮೇಲೆ ಎರಡೂ ಬ್ರೇಕ್ ಪೂರ್ತಿ ಒತ್ತಿ, ಬಿಟ್ಟು ನೋಡದೆ ರಸ್ತೆಗೆ ಇಳಿಯಲೇಬೇಡಿ.

ಯಾವುದನ್ನು ತೂಗಿ ನೋಡಬೇಕು

ಮೊದಲನೆಯದು ಗಂಟು. ಬಹಳಷ್ಟು ಹೋಲ್ಡರ್‌ಗಳಲ್ಲಿ ಫೋನ್ ಎತ್ತ ಬೇಕಾದರೂ ತಿರುಗಲಿ ಎಂದು ಪ್ಲಾಸ್ಟಿಕ್ ಗುಂಡು, ಅದರ ಸುತ್ತ ಕೈಯಲ್ಲಿ ಬಿಗಿಯುವ ಒಂದು ಬಳೆ ಇರುತ್ತದೆ. ಫೋನ್ ಈಗ ಸುಮಾರು 200 ಗ್ರಾಂ ತೂಗುತ್ತದೆ, ಕವರ್ ಸೇರಿದರೆ ಇನ್ನೂ ಜಾಸ್ತಿ. ಅದು ಗುಂಡಿನಿಂದ ನಾಲ್ಕೈದು ಸೆಂ.ಮೀ. ದೂರದಲ್ಲಿ ನಿಂತು ರಸ್ತೆಯ ಪ್ರತಿ ಹೊಂಡಕ್ಕೂ ಪ್ರತಿ ಉಬ್ಬಿಗೂ ಜೀಕುತ್ತದೆ. ಮೊದಲ ತಿಂಗಳು ಬಿಗಿಯಾಗಿದ್ದ ಗುಂಡು ಸವೆದು, ಮೂರನೆಯ ತಿಂಗಳಿಗೆ ಫೋನ್ ತೂಕಡಿಸಲು ಶುರು ಮಾಡುತ್ತದೆ. ಆದ್ದರಿಂದ ಕತ್ತು ಗಿಡ್ಡವಿದ್ದಷ್ಟೂ ಒಳ್ಳೆಯದು. ಗುಂಡಿನ ಬದಲು ಹಲ್ಲು ಹಲ್ಲಾಗಿ ಕೂರುವ ಗಂಟು ಇದ್ದರೆ ಇನ್ನೂ ಒಳ್ಳೆಯದು.

ಎರಡನೆಯದು ಮಳೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಸೈಕಲ್ ಹೊರಗೆ ತೆಗೆದರೆ ನೆನೆಯುವುದು ಖಂಡಿತ. ಜುಲೈ-ಆಗಸ್ಟ್ ನಡುವೆ ಬರುವ ಕಕ್ಕಡ ತಿಂಗಳಲ್ಲಂತೂ ಕೇಳುವುದೇ ಬೇಡ. ಫೋನಿನ ಪೆಟ್ಟಿಗೆಯಲ್ಲಿ ಐಪಿ67 ಎಂದಿದ್ದರೆ 1 ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ ತಡೆದಿದೆ ಎಂದರ್ಥ. ಆದರೆ ಅದು ಹೊಸ ಫೋನಿನ ಮಾತು. ವರ್ಷ ಕಳೆದಂತೆ, ಒಂದೆರಡು ಸಲ ಬಿದ್ದಂತೆ ಆ ತಡೆ ಕಡಿಮೆಯಾಗುತ್ತದೆ. ಐಪಿ52, ಐಪಿ54 ಎಂದು ಬರೆದಿರುವ ಕಡಿಮೆ ಬೆಲೆಯ ಫೋನುಗಳು ಹನಿಗೆ ತಡೆಯುತ್ತವೆಯೇ ಹೊರತು ನಮ್ಮ ಮಳೆಗಲ್ಲ. ಜೊತೆಗೆ, ಒದ್ದೆ ಪರದೆ ನಿಮ್ಮ ಬೆರಳಿಗೂ ಮಳೆಹನಿಗೂ ವ್ಯತ್ಯಾಸ ತಿಳಿಯದೆ ತನ್ನಷ್ಟಕ್ಕೇ ಮ್ಯಾಪ್ ಜಾರಿಸುತ್ತದೆ.

ಮೂರನೆಯದು ಬಟನ್‌ಗಳು. ಇದನ್ನು ಯಾರೂ ಅಂಗಡಿಯಲ್ಲಿ ನೋಡುವುದಿಲ್ಲ. ಹೋಲ್ಡರಿನ ದವಡೆ ಫೋನಿನ ಪಕ್ಕದ ಪವರ್ ಬಟನ್ ಮೇಲೆ ಕೂತರೆ ದಾರಿ ನಡುವೆ ಪರದೆ ಆರಿಹೋಗುತ್ತದೆ, ಇಲ್ಲವೇ ಫೋನೇ ಆಫ್ ಆಗುತ್ತದೆ. ನಿಮ್ಮ ಫೋನನ್ನು, ನೀವು ದಿನಾ ಹಾಕುವ ಕವರಿನ ಸಮೇತ, ಸಿಕ್ಕಿಸಿ ನೋಡಿ. ಚಾರ್ಜಿಂಗ್ ತೂತು ಮುಚ್ಚುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಮ್ಯಾಪ್ ಹಾಕಿ ಪರದೆ ಉರಿಯುತ್ತಲೇ ಇದ್ದರೆ ಬ್ಯಾಟರಿ ಬೇಗ ಇಳಿಯುತ್ತದೆ, ದೂರದ ಸವಾರಿಯಲ್ಲಿ ಪವರ್ ಬ್ಯಾಂಕಿನ ವೈರು ಸಿಕ್ಕಿಸಲೇಬೇಕಾಗುತ್ತದೆ.

ನಾಲ್ಕನೆಯದು, ಕಾಫಿ ಕುಡಿಯಲು ನಿಂತಾಗ ಒಂದೇ ಕೈಯಲ್ಲಿ ಫೋನ್ ಬಿಡಿಸಿಕೊಳ್ಳಲು ಆಗುತ್ತದೆಯೇ ಎಂಬುದು. ಬಿಡಿಸಲು ಕಷ್ಟವಾದರೆ ಜನ ಫೋನನ್ನು ಸೈಕಲ್ ಮೇಲೇ ಬಿಟ್ಟು ಒಳಗೆ ಹೋಗುತ್ತಾರೆ.

ಸಿಲಿಕೋನ್ ಪಟ್ಟಿಯದು

100ರಿಂದ 250 ರೂಪಾಯಿಯೊಳಗೆ ಸಿಗುವ, ಮೂಲೆಗಳಿಗೆ ರಬ್ಬರಿನ ಹಾಗೆ ಎಳೆದು ಸಿಕ್ಕಿಸುವ ಹೋಲ್ಡರ್. ಇದನ್ನು ಅಗ್ಗದ್ದು ಎಂದು ತಳ್ಳಿಹಾಕಬೇಡಿ. ಇದರಲ್ಲಿ ಸಡಿಲವಾಗಲು ಗುಂಡಿಲ್ಲ, ತುಕ್ಕು ಹಿಡಿಯಲು ಸ್ಕ್ರೂ ಇಲ್ಲ. ರಸ್ತೆಯ ನಡುಕವನ್ನು ಸಿಲಿಕೋನ್ ತಾನೇ ಸ್ವಲ್ಪ ಹೀರಿಕೊಳ್ಳುತ್ತದೆ. ಯಾವ ದಪ್ಪದ ಹ್ಯಾಂಡಲಿಗೂ ಸುತ್ತಿಕೊಳ್ಳುತ್ತದೆ. ಹೋಂಸ್ಟೇಯಲ್ಲಿ ಬಾಡಿಗೆ ಸೈಕಲ್ ತೆಗೆದುಕೊಂಡು ಒಂದು ದಿನ ಸುತ್ತುವವರಿಗೆ ಇದಕ್ಕಿಂತ ಸರಿಯಾದದ್ದು ಬೇರೆ ಇಲ್ಲ. ಅರ್ಧ ನಿಮಿಷದಲ್ಲಿ ಹಾಕಿ ತೆಗೆದು ಕಿಸೆಯಲ್ಲಿಟ್ಟುಕೊಳ್ಳಬಹುದು.

ದೋಷಗಳೂ ಸಣ್ಣವಲ್ಲ. ಬಿಸಿಲಿಗೂ ದಿನಾ ಎಳೆಯುವುದಕ್ಕೂ ಪಟ್ಟಿ ದಣಿಯುತ್ತದೆ. ಮೂಲೆಯಲ್ಲಿ ಉಗುರಷ್ಟು ಸೀಳು ಬಿದ್ದರೂ ಮುಂದಿನ ಎಳೆತಕ್ಕೆ ಹರಿದುಹೋಗುತ್ತದೆ. ವಾರಕ್ಕೊಮ್ಮೆ ಎಳೆದು ಬೆಳಕಿಗೆ ಹಿಡಿದು ನೋಡಬೇಕು, ಬಿಳಿ ಗೆರೆ ಕಂಡರೆ ಹೊಸದು ತರಬೇಕು. ಎರಡನೆಯ ತೊಂದರೆ ಎಂದರೆ, ಪಟ್ಟಿ ಪರದೆಯ ಮೂಲೆಗಳನ್ನು ಮುಚ್ಚುತ್ತದೆ. ಮೂರನೆಯದಾಗಿ, ನಯವಾದ ಹ್ಯಾಂಡಲ್ ಒದ್ದೆಯಾದಾಗ ಇದು ತಿರುಗುವುದುಂಟು.

ಇದಕ್ಕೆ ಒಂದು ಉಪಾಯವಿದೆ. ಹ್ಯಾಂಡಲ್‌ಗೆ ಸುತ್ತುವ ಬದಲು, ಹ್ಯಾಂಡಲನ್ನು ಚೌಕಟ್ಟಿಗೆ ಸೇರಿಸುವ ನಡುವಿನ ಕತ್ತು ಇದೆಯಲ್ಲ, ಸ್ಟೆಮ್ ಎನ್ನುತ್ತಾರೆ, ಅದಕ್ಕೆ ಸುತ್ತಿ. ಅಲ್ಲಿ ಫೋನ್ ಮುಂದಕ್ಕೆ ಬಾಗಲು ಸಾಧ್ಯವೇ ಇಲ್ಲ. ಸ್ಟೆಮ್ ತೀರಾ ಗಿಡ್ಡವಿರುವ ಸೈಕಲ್‌ಗಳಲ್ಲಿ ಮಾತ್ರ ಈ ಉಪಾಯ ನಡೆಯದು.

ಪ್ಲಾಸ್ಟಿಕ್ ದವಡೆಯದು

250ರಿಂದ 500 ರೂಪಾಯಿಯದು. ಮೊಬೈಲ್ ಅಂಗಡಿಗಳಲ್ಲಿ ಹೆಚ್ಚು ನೇತಾಡುವುದು ಇದೇ, ಹೆಚ್ಚು ಜನ ಕೊಳ್ಳುವುದೂ ಇದನ್ನೇ. ನನ್ನ ಮೇಕೇರಿ ಇಳಿಜಾರಿನ ಕಥೆಯೂ ಇದೇ ಜಾತಿಯದು.

ಇದರೊಳಗೆ ಒಳ್ಳೆಯದು ಕೆಟ್ಟದ್ದು ಬೇರೆ ಮಾಡಲು ಮೂರು ಕಡೆ ಕಣ್ಣು ಹಾಯಿಸಿ. ಹ್ಯಾಂಡಲ್ ಹಿಡಿಯುವ ಭಾಗ ಬರೀ ಪ್ಲಾಸ್ಟಿಕ್ ಕೊಂಡಿಯಾಗಿದ್ದರೆ ಬೇಡ, ಬೋಲ್ಟ್ ಹಾಕಿ ಬಿಗಿಯುವಂತಿರಬೇಕು. ಆ ಬೋಲ್ಟಿನ ನಟ್ಟು ಲೋಹದ್ದೇ ಎಂದು ನೋಡಿ, ಏಕೆಂದರೆ ಪ್ಲಾಸ್ಟಿಕ್ಕಿನಲ್ಲೇ ಬೋಲ್ಟ್ ಕೂರುವ ಮರೆ (ಥ್ರೆಡ್) ಕೊರೆದಿದ್ದರೆ ನಾಲ್ಕನೆಯ ಸಲ ಬಿಗಿಯುವಾಗ ಮರೆ ಸವೆದು ಸುಮ್ಮನೆ ಸುತ್ತುತ್ತದೆ. ಕೊನೆಯದಾಗಿ ದವಡೆಗೆ ಬೀಗದ ಹಾಗೆ ಒಂದು ಗುಬುಟು ಇರಲಿ. ಬರೀ ಸ್ಪ್ರಿಂಗಿನ ಬಲದಲ್ಲಿ ಹಿಡಿಯುವುದು ಸ್ಕೂಟರಿಗೆ ಹೇಗೋ, ಕಲ್ಲು ಎದ್ದ ತೋಟದ ದಾರಿಗೆ ಸಾಲದು.

ಈ ಮೂರೂ ಇದ್ದು, ಜೊತೆಗೆ ನಾಲ್ಕು ಮೂಲೆಗೂ ಸಿಕ್ಕಿಸುವ ಒಂದು ರಬ್ಬರ್ ಜಾಲ ಕೊಟ್ಟಿದ್ದರೆ 400 ರೂಪಾಯಿಯ ಆಸುಪಾಸಿನಲ್ಲಿ ಬಹುಪಾಲು ಜನರಿಗೆ ಇದು ಸಾಕು. ಜಾಲ ಕೊಟ್ಟಿಲ್ಲವೆಂದರೆ ಅದೊಂದನ್ನೇ ಬೇರೆಯಾಗಿ ಕೊಳ್ಳಬಹುದು. ದವಡೆ ಬಿಟ್ಟರೂ ಜಾಲ ಹಿಡಿದಿರುತ್ತದೆ.

ಕೊಳ್ಳುವಾಗ ಒಂದು ಎಚ್ಚರ. ಬೈಕಿನ ಕನ್ನಡಿಯ ಕಂಬಿಗೆ ಸಿಕ್ಕಿಸುವ ಹೋಲ್ಡರೂ ನೋಡಲು ಇದೇ ರೀತಿ ಇರುತ್ತದೆ, ಅದೇ ಗೊಂಚಲಲ್ಲಿ ನೇತಾಡುತ್ತಿರುತ್ತದೆ. ಸೈಕಲ್‌ನಲ್ಲಿ ಅದನ್ನು ಸಿಕ್ಕಿಸಲು ಜಾಗವೇ ಇರುವುದಿಲ್ಲ.

ಅಲ್ಯೂಮಿನಿಯಂ ಕ್ಲಾಂಪ್

500ರಿಂದ 1,000 ರೂಪಾಯಿ. ಅಲೆನ್ ಕೀ (ಆರು ಮೂಲೆಯ ಬಾಗಿದ ಕೀ) ಹಾಕಿ ಬಿಗಿದರೆ ಹ್ಯಾಂಡಲಿಗೆ ಬೆಸುಗೆ ಹಾಕಿದಂತೆ ಕೂರುತ್ತದೆ. ಗಂಟಿನ ವಿಷಯದಲ್ಲಿ ಈ ಬೆಲೆಗೆ ಇದಕ್ಕೆ ಸಮ ಯಾವುದೂ ಇಲ್ಲ. ಸಂಪಾಜೆ ಘಾಟಿ ಇಳಿಯುವವರು, ಭಾಗಮಂಡಲದಿಂದ ತಲಕಾವೇರಿಗೆ ಹತ್ತಿ ಇಳಿಯುವವರು, ವಾರಕ್ಕೊಮ್ಮೆಯಾದರೂ ಐವತ್ತು ಅರವತ್ತು ಕಿ.ಮೀ. ಹೋಗುವವರು ಇದಕ್ಕೆ ಹಣ ಹಾಕುವುದು ನ್ಯಾಯ.

ಆದರೆ ಲೋಹ ನಡುಕವನ್ನು ಹೀರುವುದಿಲ್ಲ, ಹಾಗೇ ದಾಟಿಸುತ್ತದೆ. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಹೋಲ್ಡರ್ ಹಾಕಿದರೆ ಫೋನಿನ ಕ್ಯಾಮೆರಾ ಹಾಳಾಗುತ್ತದಂತೆ ಎಂದು ಹೆದರುವವರಿದ್ದಾರೆ. 2021ರ ಸೆಪ್ಟೆಂಬರ್‌ನಲ್ಲಿ ಆಪಲ್ ಕಂಪನಿಯೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಚಿತ್ರ ಅಲುಗದಂತೆ ಕ್ಯಾಮೆರಾದ ಲೆನ್ಸನ್ನು ಒಳಗೇ ಸರಿಸುವ ವ್ಯವಸ್ಥೆ ಈಗಿನ ಹಲವು ಫೋನುಗಳಲ್ಲಿದೆ. ಹೆಚ್ಚು ಶಕ್ತಿಯ ಮೋಟಾರ್ ಸೈಕಲ್ ಎಂಜಿನ್ನಿನ ನಡುಕ ಬಹಳ ಕಾಲ ತಾಗುತ್ತಿದ್ದರೆ ಆ ವ್ಯವಸ್ಥೆ ಕೆಡಬಹುದು ಎಂಬುದು ಅದರ ಸಾರ. ಎಚ್ಚರಿಕೆ ಎಂಜಿನ್ನಿನ ನಡುಕದ್ದು. ಸೈಕಲ್‌ಗೆ ಎಂಜಿನ್ ಇಲ್ಲ. ಹಾಗಾಗಿ ಟಾರ್ ರಸ್ತೆಯ ಸವಾರರು ಹೆದರಬೇಕಾಗಿಲ್ಲ ಎಂದು ನಾನು ಭಾವಿಸುತ್ತೇನೆ. ಆದರೂ ದುಬಾರಿ ಫೋನನ್ನು ಲೋಹದ ಕ್ಲಾಂಪಿನಲ್ಲಿಟ್ಟು ದಿನವೂ ಕಲ್ಲುದಾರಿಯಲ್ಲಿ ಹೋಗುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಅಂಥವರು ಫೋನ್ ಕೂರುವ ಜಾಗದಲ್ಲಿ ದಪ್ಪ ರಬ್ಬರ್ ಇರುವುದನ್ನೇ ಆರಿಸಿ.

ಇನ್ನೊಂದು, ಕ್ಲಾಂಪ್ ಅಲ್ಯೂಮಿನಿಯಂ ಆದರೂ ಅದರ ಸ್ಕ್ರೂಗಳು ಬಹುಪಾಲು ಸಾದಾ ಉಕ್ಕಿನವು. ಒಂದು ಮಳೆಗಾಲ ಕಳೆದರೆ ತುಕ್ಕು ಹಿಡಿದು ಅಲೆನ್ ಕೀ ತಿರುಗುವುದೇ ಇಲ್ಲ. ಹಾಕುವಾಗಲೇ ಪ್ರತಿ ಸ್ಕ್ರೂಗೂ ಚೂರು ಗ್ರೀಸ್ ಸವರಿ. ಸೈಕಲ್ ಶಾಪಿನವರು ಬೆರಳ ತುದಿಯಷ್ಟು ಗ್ರೀಸಿಗೆ ದುಡ್ಡು ಕೇಳುವುದಿಲ್ಲ.

ಕಿಟಕಿ ಇರುವ ಬ್ಯಾಗ್

400ರಿಂದ 900 ರೂಪಾಯಿ. ಸೀಟಿನ ಮುಂದಿನ ಅಡ್ಡ ಕಂಬಿಯ ಮೇಲೆ, ಹ್ಯಾಂಡಲಿಗೆ ಹತ್ತಿರವಾಗಿ ಕೂರುವ ಚೀಲ. ಮೇಲೆ ಪಾರದರ್ಶಕ ಹಾಳೆ, ಅದರ ಕೆಳಗೆ ಫೋನ್. ಒಳಗೆ ಪಂಕ್ಚರ್ ಸಾಮಾನು, ಪವರ್ ಬ್ಯಾಂಕ್, ಸ್ವಲ್ಪ ದುಡ್ಡು ಎಲ್ಲ ಹಿಡಿಯುತ್ತದೆ. ಕೆಳಗೆ ಬೀಳುವ ಭಯ ಇಲ್ಲವೇ ಇಲ್ಲ ಎನ್ನಬಹುದು. ಮಳೆಗಾಲದಲ್ಲೂ ಸೈಕಲ್ ಬಿಡದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಸೋರುವುದು ಬಟ್ಟೆಯಲ್ಲಿ ಅಲ್ಲ, ಜಿಪ್‌ನಲ್ಲಿ. ಜಿಪ್ ಮೇಲೆ ಮಡಿಚಿ ಕೂರುವ ರಬ್ಬರಿನ ಅಂಚು ಇರುವ ಚೀಲವನ್ನೇ ನೋಡಿ. ಕೊಂಡ ಮೇಲೆ ಒಳಗೆ ಹಳೇ ದಿನಪತ್ರಿಕೆ ಇಟ್ಟು ನಲ್ಲಿ ಕೆಳಗೆ ಐದು ನಿಮಿಷ ಹಿಡಿಯಿರಿ, ಸೋರುವ ಜಾಗ ಕಾಗದವೇ ತೋರಿಸುತ್ತದೆ. ಮಡಿಕೇರಿಯ ಚಳಿಮಳೆಯಲ್ಲಿ ಕಿಟಕಿಯ ಒಳಗಡೆ ಆವಿ ಕಟ್ಟಿ ಮಸುಕಾಗುವುದನ್ನು ಮಾತ್ರ ತಪ್ಪಿಸಲಾಗದು. ಮಾರ್ಚ್ ಏಪ್ರಿಲ್‌ನಲ್ಲಿ ಕುಶಾಲನಗರದ ಕಡೆಯ ಬಿಸಿಲಿಗೆ ಇದು ಉಲ್ಟಾ. ಗಾಳಿಯಾಡದ ಕಪ್ಪು ಚೀಲದೊಳಗೆ ಫೋನ್ ಕಾದು ಪರದೆ ತಾನಾಗಿಯೇ ಮಬ್ಬಾಗುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬರುವ ತನಕ ನಾನು ಚೀಲ ಕಳಚಿ ಮನೆಯಲ್ಲಿಡುತ್ತೇನೆ.

ಎದ್ದು ನಿಂತು ಪೆಡಲ್ ತುಳಿಯುವವರಿಗೆ ಅಗಲದ ಚೀಲ ಮೊಣಕಾಲಿಗೆ ಉಜ್ಜುತ್ತದೆ. ನಮ್ಮ ಏರುಗಳಲ್ಲಿ ಎಲ್ಲರೂ ಎದ್ದು ನಿಲ್ಲುವವರೇ, ಆದ್ದರಿಂದ ಅಗಲ ಕಡಿಮೆ ಇರಲಿ. ಅಡ್ಡ ಕಂಬಿ ಇಲ್ಲದ ಲೇಡೀಸ್ ಸೈಕಲ್‌ಗೆ ಈ ಚೀಲ ಕೂರುವುದೇ ಇಲ್ಲ. ಅವರಿಗೆ ದವಡೆಯ ಹೋಲ್ಡರ್ ಹಾಕಿ, ಮಳೆಯಲ್ಲಿ ತೆಳ್ಳಗಿನ ಪ್ಲಾಸ್ಟಿಕ್ ಕವರಿನೊಳಗೆ ಫೋನ್ ಇಟ್ಟು ಸಿಕ್ಕಿಸುವುದು ದಾರಿ. ತೆಳುವಾದ ಕವರ್ ಮೇಲಿಂದಲೂ ಟಚ್ ಕೆಲಸ ಮಾಡುತ್ತದೆ.

ತಿರುವಿ ಸಿಕ್ಕಿಸುವುದು, ಮತ್ತು ಏನೂ ಹಾಕದಿರುವುದು

ಕ್ವಾಡ್ ಲಾಕ್ ಎಂಬ ಕಂಪನಿಯದರಂಥ ಹೋಲ್ಡರ್‌ಗಳಲ್ಲಿ ಫೋನಿನ ಮಾದರಿಗೇ ಮಾಡಿದ ಕವರ್ ಇರುತ್ತದೆ, ಅದರ ಬೆನ್ನಿನ ಗಂಟನ್ನು ಹೋಲ್ಡರ್ ಮೇಲಿಟ್ಟು ಸ್ವಲ್ಪ ತಿರುವಿದರೆ ಕೂರುತ್ತದೆ. ಸೊಗಸಾದ ವ್ಯವಸ್ಥೆ, ಆದರೆ ಹಲವು ಸಾವಿರ ರೂಪಾಯಿ. ಫೋನ್ ಬದಲಾದರೆ ಕವರೂ ಬದಲಾಗಬೇಕು. ಅಂಟಿಸುವ ಬಿಲ್ಲೆಯ ಅಗ್ಗದ ನಕಲುಗಳು ಮೆತ್ತನೆಯ ಸಿಲಿಕೋನ್ ಕವರಿಗೆ ಸರಿಯಾಗಿ ಅಂಟುವುದಿಲ್ಲ, ನಮ್ಮ ತೇವಕ್ಕಂತೂ ಬೇಗ ಬಿಡುತ್ತವೆ. ಬರೀ ಅಯಸ್ಕಾಂತದ ಹೋಲ್ಡರ್ ಕಾರಿಗಿರಲಿ, ಸೈಕಲ್‌ಗೆ ಬೇಡ.

ಏನೂ ಕೊಳ್ಳದಿರುವುದೂ ಒಂದು ಆಯ್ಕೆ ಎಂಬುದನ್ನು ಗಂಭೀರವಾಗಿಯೇ ಹೇಳುತ್ತಿದ್ದೇನೆ. ದಾರಿ ಕೇಳಲಷ್ಟೇ ಫೋನ್ ಬೇಕಿದ್ದರೆ ಮ್ಯಾಪಿನ ಧ್ವನಿ ಜೋರು ಮಾಡಿ ಅಂಗಿಯ ಕಿಸೆಗೆ ಹಾಕಿಕೊಳ್ಳಿ, ತಿರುವು ಅದೇ ಹೇಳುತ್ತದೆ. ಇಯರ್‌ಫೋನ್ ಮಾತ್ರ ಬೇಡ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯ ತೋಟದ ದಾರಿಗಳಲ್ಲಿ ಆನೆ ಇರುವ ಸುಳಿವು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ, ಕೊಂಬೆ ಮುರಿಯುವ ಸದ್ದಿನಲ್ಲಿ. ಅಂಥ ಕಡೆ ಪರದೆ ನೋಡುತ್ತಾ ಹೋಗುವುದೂ ತಪ್ಪೇ. ವೇಗ, ಕಿಲೋಮೀಟರ್ ಮಾತ್ರ ಬೇಕೆನ್ನುವವರು ಬಟನ್ ಸೆಲ್ ಹಾಕುವ ಸಣ್ಣ ಸೈಕಲ್ ಮೀಟರ್ ಕೊಂಡರೆ ಫೋನ್ ನೆನೆಯುವ ಚಿಂತೆಯೇ ಇಲ್ಲ.

ಹೋಲ್ಡರ್ ಯಾವುದಾದರೂ ಇರಲಿ, ಹೊರಡುವ ಮೊದಲು ಮನೆಯಲ್ಲೇ ಜಿಲ್ಲೆಯ ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳಿ. ನೆಟ್‌ವರ್ಕ್ ಹೋದರೂ ಜಿಪಿಎಸ್ ಹೋಗುವುದಿಲ್ಲ, ಇಳಿಸಿಕೊಂಡ ಮ್ಯಾಪಿನ ಮೇಲೆ ನೀವು ಎಲ್ಲಿದ್ದೀರೆಂದು ತೋರಿಸುತ್ತಲೇ ಇರುತ್ತದೆ.

ಯಾರಿಗೆ ಯಾವುದು

ಗೋಣಿಕೊಪ್ಪಲಿನಲ್ಲೋ ಕುಶಾಲನಗರದಲ್ಲೋ ಕಾಲೇಜಿಗೆ ಎರಡು ಮೂರು ಕಿ.ಮೀ. ಹೋಗಿ ಬರುವ ಹುಡುಗ ಹುಡುಗಿಯರು 150 ರೂಪಾಯಿಯ ಸಿಲಿಕೋನ್ ಕೊಂಡು ಉಳಿದ ದುಡ್ಡಿಗೆ ಒಳ್ಳೆಯ ಹಿಂದಿನ ಲೈಟ್ ಹಾಕಿಸಿಕೊಳ್ಳಿ. ಮಂಜು ಕವಿದ ಬೆಳಿಗ್ಗೆ ಅದೇ ಹೆಚ್ಚು ಬೇಕಾದದ್ದು.

ತೋಟದೊಳಗೆ ಕೆಲಸದ ಲೆಕ್ಕ ಬರೆಯುತ್ತಾ ದಿನವಿಡೀ ಓಡಾಡುವ ರೈಟರ್‌ಗಳಿಗೆ ನನ್ನ ಸಲಹೆ ಬೇರೆ. ನಿಮಗೆ ಫೋನ್ ಬೇಕಾಗುವುದು ಕರೆ ಬಂದಾಗ, ಲೆಕ್ಕ ಬರೆಯುವಾಗ. ಆಗ ಹೇಗೂ ಸೈಕಲ್ ನಿಲ್ಲಿಸುತ್ತೀರಿ. ಬ್ಯಾಗೇ ಸರಿ, ಕಿಟಕಿ ಇಲ್ಲದಿದ್ದರೂ ನಡೆಯುತ್ತದೆ.

ಭಾನುವಾರದ ಸವಾರರು, ಬೇಸಿಗೆಯಲ್ಲಿ ಮಾತ್ರ ಹೊರಡುವವರು, ಟಾರ್ ರಸ್ತೆ ಬಿಡದವರು: ಬೋಲ್ಟ್ ಇರುವ ಪ್ಲಾಸ್ಟಿಕ್ ದವಡೆ ಮತ್ತು ರಬ್ಬರ್ ಜಾಲ. ಘಾಟಿ ಇಳಿಯುವವರು ಇನ್ನು 300 ರೂಪಾಯಿ ಸೇರಿಸಿ ಅಲ್ಯೂಮಿನಿಯಂಗೆ ಹೋಗಿ. ಎರಡರ ನಡುವೆ ಮನಸ್ಸು ಹೊಯ್ದಾಡಿದರೆ ನಿಮ್ಮ ಫೋನಿನ ಪರದೆ ಬದಲಿಸಲು ಎಷ್ಟಾಗುತ್ತದೆ ಎಂದು ಒಮ್ಮೆ ಕೇಳಿಕೊಂಡು ಬನ್ನಿ.

ಆದಷ್ಟು ಸೈಕಲ್ ಜೊತೆಗೇ ಅಂಗಡಿಗೆ ಹೋಗಿ. ಆನ್‌ಲೈನಲ್ಲಿ ಐವತ್ತು ರೂಪಾಯಿ ಉಳಿಯಬಹುದು, ಆದರೆ ಅಳತೆ ತಪ್ಪಿದರೆ ವಾಪಸು ಕಳಿಸಲು ಒಳಊರಿನವರು ಪೇಟೆಗೆ ಎರಡು ಸಲ ಬಸ್ಸು ಹತ್ತಬೇಕಾಗುತ್ತದೆ.

ಹಾಕುವ ಕ್ರಮ

ಪಂಕ್ಚರ್ ಅಂಗಡಿಯಿಂದ ಹಳೆಯ ಟ್ಯೂಬಿನ ಒಂದು ತುಂಡು ಕೇಳಿ ತನ್ನಿ. ಕ್ಲಾಂಪಿನ ಅಗಲಕ್ಕೆ ಕತ್ತರಿಸಿ, ಹ್ಯಾಂಡಲಿಗೆ ಒಂದು ಸುತ್ತು ಸುತ್ತಿ, ಅದರ ಮೇಲೆ ಕ್ಲಾಂಪ್ ಕೂರಿಸಿ ಬಿಗಿಯಿರಿ. ಕಂಪನಿಯವರು ಕೊಡುವ ಗಟ್ಟಿ ರಬ್ಬರಿಗಿಂತ ಟ್ಯೂಬು ಹೆಚ್ಚು ಕಚ್ಚುತ್ತದೆ. ನನ್ನ ಹಳೆಯ ಹೋಲ್ಡರ್ ತಿರುಗುವುದು ನಿಂತದ್ದು ಇದರಿಂದಲೇ. ಎರಡು ಸ್ಕ್ರೂ ಇದ್ದರೆ ಒಂದನ್ನೇ ಪೂರ್ತಿ ಬಿಗಿಯದೆ, ಅದಕ್ಕಿಷ್ಟು ಇದಕ್ಕಿಷ್ಟು ಎಂದು ಸಮವಾಗಿ ತಿರುಗಿಸಿ.

ಆಮೇಲೆ ಹ್ಯಾಂಡಲ್‌ನಿಂದ ಕ್ಲಾಂಪಿನ ಮೇಲೆ ಹಾಯುವಂತೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಗುಂಡು ಮತ್ತು ಬಳೆಯ ನಡುವೆಯೂ ಇನ್ನೊಂದು. ಫೋನ್ ಬದಲು ಅಷ್ಟೇ ತೂಕದ ಬೇರೇನಾದರೂ ಸಿಕ್ಕಿಸಿ, ನಿಮ್ಮ ಊರಿನ ಅತಿ ಕೆಟ್ಟ ದಾರಿಯಲ್ಲಿ ಐದು ಕಿ.ಮೀ. ಹೋಗಿ ಬಂದು ನೋಡಿ. ಮೊದಲ ಗೆರೆ ಒಡೆದಿದ್ದರೆ ಟ್ಯೂಬು ಇನ್ನೊಂದು ಸುತ್ತು ಬೇಕು. ಎರಡನೆಯ ಗೆರೆ ಒಡೆದಿದ್ದರೆ ಬಳೆ ಬಿಗಿದು ಇನ್ನೊಮ್ಮೆ ಹೋಗಿ ಬನ್ನಿ. ಆಗಲೂ ಒಡೆದರೆ ಬಿಲ್ಲಿನ ಸಮೇತ ಅಂಗಡಿಗೆ ಹಿಂದಿರುಗಿಸಿ.